ಬಿಸಿಲೂರಿನ ವರ್ಕ್ ಫ್ರಮ್ ಹೋಮ್: ರಾಯಚೂರಿನ ಒಂದು ಮನೆಯ ಪ್ರಕರಣ

ಈ ಪ್ರಕರಣ ರಾಯಚೂರಿನ ಒಂದು ಮನೆಯದು. ಹೆಸರು, ಓಣಿ, ಕಂಪನಿ ಯಾವುದೂ ಬೇಡ ಎಂದು ಆಕೆಯೇ ಹೇಳಿದ್ದಾಳೆ. ಹಾಗಾಗಿ ಇಲ್ಲಿ ಅವಳು ಬರೀ ‘ಅವಳು’. ವಯಸ್ಸು ಮೂವತ್ತು ದಾಟಿದೆ. ಮನೆಯಲ್ಲಿ ಗಂಡ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೈದರಾಬಾದಿನ ಒಂದು ಕಂಪನಿಗೆ ಮನೆಯಿಂದಲೇ ಮೆಡಿಕಲ್ ಕೋಡಿಂಗ್ ಮಾಡುತ್ತಾಳೆ. ನಾನು ಅದೇ ಲೈನಿನಲ್ಲಿ ಆಡಿಟ್ ಮಾಡುವವಳು, ಬೇರೆ ಕಂಪನಿ. ಅವಳಿಗೆ ಈ ಕೆಲಸ ಕಲಿಸಿದ್ದೂ ನಾನೇ. ಅದಕ್ಕೇ ಏಪ್ರಿಲ್ ಮಧ್ಯದಲ್ಲಿ, ‘ಅಕ್ಕಾ, ಈ ಕೆಲಸ ಬಿಡ್ತೀನಿ, ನನ್ನ ಕೈಲಿ ಆಗವಲ್ದು’ ಎನ್ನುವ ಫೋನ್ ನನಗೇ ಬಂತು.

ಕೆಲಸ ಏನು ಎಂದು ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಅಮೆರಿಕದ ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯನ್ನು ನೋಡಿ ಟಿಪ್ಪಣಿ ಬರೆಯುತ್ತಾರೆ. ಅದನ್ನು ಓದಿ ಪ್ರತಿ ಕಾಯಿಲೆಗೆ, ಪ್ರತಿ ಚಿಕಿತ್ಸೆಗೆ ಸರಿಯಾದ ಕೋಡ್ ಹಾಕಬೇಕು. ಆ ಕೋಡ್ ನೋಡಿ ಅಲ್ಲಿನ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ. ಕಾಯಿಲೆಗಳಿಗೆ ಅಲ್ಲಿ 2015ರ ಅಕ್ಟೋಬರ್‌ನಿಂದ ಐಸಿಡಿ-10 ಪದ್ಧತಿ ನಡೆಯುತ್ತಿದೆ. ಅದರಲ್ಲಿ 70 ಸಾವಿರದ ಆಸುಪಾಸು ಕೋಡ್‌ಗಳಿವೆ. ಬಲ ಮೊಣಕಾಲಿನ ಸವೆತಕ್ಕೆ ಎಂ17.11, ಎಡ ಮೊಣಕಾಲಿಗೆ ಎಂ17.12. ಒಂದು ಅಂಕಿ ತಪ್ಪಿದರೆ ಆಡಿಟ್‌ನಲ್ಲಿ, ಅಂದರೆ ಹಾಕಿದ ಕೋಡ್‌ಗಳನ್ನು ಮತ್ತೆ ತಾಳೆ ನೋಡುವಾಗ, ಸಿಕ್ಕಿಬೀಳುತ್ತೀರಿ. ಒಬ್ಬ ರೋಗಿಯ ಟಿಪ್ಪಣಿಗೆ ನಾವು ಚಾರ್ಟ್ ಎನ್ನುತ್ತೇವೆ. ದಿನಕ್ಕೆ ಇಷ್ಟು ಚಾರ್ಟ್ ಎಂಬ ಟಾರ್ಗೆಟ್ ಒಂದು ಕಡೆ, 95 ಪರ್ಸೆಂಟಿಗೆ ಕಡಿಮೆಯಾಗದ ಕ್ವಾಲಿಟಿ, ಅಂದರೆ ತಪ್ಪಿಲ್ಲದ ಕೆಲಸದ ಪಾಲು, ಇನ್ನೊಂದು ಕಡೆ. ಎರಡೂ ಬಂದರೆ ಇನ್ಸೆಂಟಿವ್. ಒಂದು ತಪ್ಪಿದರೂ ಟೀಮ್ ಲೀಡ್ ಫೋನು.

ಚಳಿಗಾಲದಲ್ಲಿ ಅವಳ ಕ್ವಾಲಿಟಿ ಚೆನ್ನಾಗಿತ್ತು. ಮಾರ್ಚ್ ಕೊನೆಯಿಂದ ಇಳಿಯತೊಡಗಿತು. ಏಪ್ರಿಲ್‌ಗೆ 95ರ ಕೆಳಗೆ ಹೋಯಿತು. ಅವಳೇನು ಕಡಿಮೆ ದುಡಿಯುತ್ತಿರಲಿಲ್ಲ. ಬೆಳಿಗ್ಗೆ 9ಕ್ಕೆ ಲಾಗಿನ್ ಆದವಳು ರಾತ್ರಿ ಊಟ ಆದಮೇಲೂ ಲ್ಯಾಪ್‌ಟಾಪ್ ಮುಂದೆ ಇರುತ್ತಿದ್ದಳು. ಟಾರ್ಗೆಟ್ ಮುಗಿಯುತ್ತಿರಲಿಲ್ಲ, ಉಳಿದದ್ದನ್ನು ರಾತ್ರಿ ಎಳೆಯುತ್ತಿದ್ದಳು. ಮಕ್ಕಳ ಮೇಲೆ ರೇಗುತ್ತಿದ್ದಳು. ಸಂಜೆಯಾದರೆ ತಲೆನೋವು. ಗಂಡ, ‘ಇಡೀ ದಿನ ಅದರ ಮುಂದೇ ಇರ್ತಿ, ಮತ್ತ ಕೆಲಸ ಮುಗಿಯಲ್ಲ ಅಂತಿ’ ಎಂದರಂತೆ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ನೆಟ್‌ನಲ್ಲಿ ಓದಿದ ಸಲಹೆಗಳನ್ನೆಲ್ಲ ಅವಳು ಅಷ್ಟರಲ್ಲಿ ಮಾಡಿ ನೋಡಿಯಾಗಿತ್ತು. ಕಿಟಕಿ ಪಕ್ಕ ಕೂತು ಕೆಲಸ ಮಾಡಿ, ಸೂರ್ಯನ ಬೆಳಕು ಮೈಮೇಲೆ ಬೀಳಲಿ ಎಂದಿತ್ತು ಒಂದು ಕಡೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ! ಮಧ್ಯಾಹ್ನ ಊಟ ಆದಮೇಲೆ ಹತ್ತು ನಿಮಿಷ ಹೊರಗೆ ನಡೆದು ಬನ್ನಿ ಎಂದಿತ್ತು ಇನ್ನೊಂದು ಕಡೆ. 40 ಡಿಗ್ರಿ ದಾಟಿದ ಊರಿನಲ್ಲಿ 2 ಗಂಟೆಗೆ ಓಣಿಯಲ್ಲಿ ಒಂದು ನಾಯಿಯೂ ಕಾಣುವುದಿಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಕೂತು ಬರೆದ ಮಾತುಗಳು ಇವು, ಅಲ್ಲಿಗೆ ಸರಿ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎನ್ನುವ ಪೊಮೊಡೊರೊ ಪದ್ಧತಿಯನ್ನೂ ಹಿಡಿದಿದ್ದಳು. ಫ್ರಾನ್ಸೆಸ್ಕೊ ಚಿರಿಲೊ ಎಂಬಾತ ಕಾಲೇಜು ದಿನಗಳಲ್ಲಿ ತನ್ನ ಓದಿಗೆ ಮಾಡಿಕೊಂಡ ಪದ್ಧತಿ ಅದು. ಓದಿಗೆ ಒಳ್ಳೆಯದೇ. ಆದರೆ ಚಾರ್ಟ್ ಗಡಿಯಾರ ನೋಡಿ ಮುಗಿಯುವುದಿಲ್ಲ. ಕೆಲವು ಆರು ನಿಮಿಷಕ್ಕೆ ಮುಗಿಯುತ್ತವೆ, ಕೆಲವು ಮುಕ್ಕಾಲು ಗಂಟೆ ಹಿಡಿಯುತ್ತವೆ. ಅರ್ಧ ಟಿಪ್ಪಣಿ ಓದಿದಾಗ ಅಲಾರಂ ಹೊಡೆದರೆ ಎದ್ದೇಳಬೇಕಾ, ಕೂತಿರಬೇಕಾ? ಎದ್ದರೆ ವಾಪಸ್ ಬಂದು ಮೊದಲಿನಿಂದ ಓದಬೇಕು. ಕೂತರೆ ಅಲಾರಂ ಇಟ್ಟದ್ದಾದರೂ ಯಾಕೆ? ಒಂದು ವಾರಕ್ಕೆ ಅದೂ ಹೋಯಿತು.

ಕ್ಯಾಲೆಂಡರ್ ಹಿಂಬದಿ

ನಾನು ಅವಳಿಗೆ ಸಲಹೆ ಏನೂ ಕೊಡಲಿಲ್ಲ. ಹೋದ ವರ್ಷದ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಕುರ್ಚಿ ಬಿಟ್ಟು ಎದ್ದಾಗೆಲ್ಲ ಟೈಮು ಬರೆ, ಪಕ್ಕದಲ್ಲಿ ಯಾಕೆ ಎದ್ದೆ ಎಂದು ಎರಡು ಪದ ಬರೆ ಎಂದೆ. ಒಂದು ವಾರ ಬರೆದಳು. ಜೊತೆಗೆ ಅವಳ ಆಡಿಟ್ ರಿಪೋರ್ಟ್ ತರಿಸಿಕೊಂಡೆ, ರೋಗಿಯ ವಿವರ ಇಲ್ಲದ್ದು, ಬರೀ ತಪ್ಪಿನ ಪಟ್ಟಿ. ಅದರಲ್ಲಿ ಯಾವ ಚಾರ್ಟ್ ಎಷ್ಟು ಗಂಟೆಗೆ ಸಬ್ಮಿಟ್ ಆಗಿದೆ ಎಂಬ ಟೈಮು ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ಹಾಳೆ ಹೀಗಿತ್ತು: ‘ಕೊರಿಯರ್, ಎದುರು ಮನೆದು.’ ‘ಅತ್ತಿ ಬಿಪಿ ಗುಳಿಗಿ.’ ‘ನೀರು ಬಂತು, ಮೋಟರ್.’ ‘ಸಣ್ಣವ ಬಿದ್ದ.’ ‘ಗ್ಯಾಸ್, ಪಕ್ಕದ ಮನೆದು.’ ‘ಕರೆಂಟ್.’ ‘ಕರೆಂಟ್.’ ‘ಹಾಲು ಉಕ್ಕಿತು.’ ‘ಕೊರಿಯರ್.’ ಓಣಿಯವರಿಗೆಲ್ಲ ಇವಳು ಮನೆಯಲ್ಲಿ ಇರುವವಳು. ‘ಮನ್ಯಾಗೇ ಇರ್ತಿ ಅಲ್ಲವಾ, ಸಿಲಿಂಡರ್ ಬಂದ್ರ ಇಸ್ಕೊಂಡಿರು’ ಎಂದು ರೊಕ್ಕ ಕೊಟ್ಟು ಹೋಗುತ್ತಿದ್ದರು. ಒಂದೊಂದೂ ಎರಡು ನಿಮಿಷದ ಕೆಲಸವೇ. ಬೇಡ ಎಂದರೆ ದೊಡ್ಡಸ್ತಿಕೆ ತೋರಿಸಿದಂತೆ ಆಗುತ್ತದೆ ಎಂದು ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ತಪ್ಪುಗಳು ಎರಡು ಗುಂಪಾಗಿ ಬಿದ್ದವು. ಒಂದು, ನಡುವೆ ಎದ್ದು ಬಂದ ಚಾರ್ಟ್‌ಗಳ ತಪ್ಪು. ಒಂದನ್ನು ಇಲ್ಲಿ ಬಿಡಿಸಿ ಹೇಳಬಹುದು. ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ತೊಂದರೆಯಾದ ರೋಗಿಗೆ ಇ11.22 ಹಾಕಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಕಿಡ್ನಿ ತೊಂದರೆ ಯಾವ ಹಂತದಲ್ಲಿದೆ ಎಂದು ಎನ್18ರ ಸಾಲಿನ ಇನ್ನೊಂದು ಕೋಡ್ ಜೊತೆಗೆ ಹೋಗಬೇಕು. ಇವಳು ಮೊದಲನೆಯದು ಹಾಕಿದ್ದಾಳೆ, ಬೆಲ್ ಆಗಿದೆ, ಎದ್ದಿದ್ದಾಳೆ. ವಾಪಸ್ ಬಂದು ನೋಡಿದರೆ ಕೋಡ್ ಹಾಕಿದಂತೆ ಕಾಣುತ್ತದೆ. ಸಬ್ಮಿಟ್. ಈ ಜೋಡಿ ಕೋಡ್ ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಸೋಫಿ ಲಿರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಬರೆದಿದ್ದಾರೆ: ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ಎದ್ದು ಹೋದ ಎರಡು ನಿಮಿಷಕ್ಕಿಂತ ಬಂದು ಕೂತ ಮೇಲಿನ ಹತ್ತು ನಿಮಿಷವೇ ದುಬಾರಿ.

ಎರಡನೇ ಗುಂಪು ಮಧ್ಯಾಹ್ನದ್ದು. 2ರಿಂದ 5ರ ನಡುವೆ ಸಬ್ಮಿಟ್ ಆದವು. ಇಲ್ಲಿ ಎದ್ದದ್ದು ಬಿದ್ದದ್ದು ಏನೂ ಇಲ್ಲ, ಮಕ್ಕಳೂ ಅತ್ತೆಯೂ ಮಲಗಿರುತ್ತಾರೆ. ಆದರೂ ಎಡದ ಜಾಗದಲ್ಲಿ ಬಲ, ಬಲದ ಜಾಗದಲ್ಲಿ ಎಡ. ಕಣ್ಣು ಓದಿದೆ, ತಲೆ ಓದಿಲ್ಲ. ಇದು ಬಿಸಿಲಿನ ತಪ್ಪು. ಅವಳು ಕೂರುತ್ತಿದ್ದದ್ದು ಮೇಲಿನ ರೂಮಿನಲ್ಲಿ. ಗದ್ದಲ ಇಲ್ಲ ಎಂದು ಆರಿಸಿಕೊಂಡದ್ದು. ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಆಕಾಶ. ಬೆಳಿಗ್ಗೆಯಿಂದ ಕುಡಿದ ಬಿಸಿಯನ್ನು ಸ್ಲ್ಯಾಬ್ ಮಧ್ಯಾಹ್ನದ ಮೇಲೆ ಒಳಗೆ ಬಿಡಲು ಶುರು ಮಾಡಿದರೆ ರಾತ್ರಿ ಹತ್ತಾದರೂ ನಿಲ್ಲಿಸುವುದಿಲ್ಲ. ಫ್ಯಾನ್ ಹಾಕಿದರೆ ಆ ಬಿಸಿಯೇ ತಿರುಗುತ್ತದೆ. ಲ್ಯಾಪ್‌ಟಾಪ್ ಕೂಡ ಬಿಸಿ ಜಾಸ್ತಿಯಾದರೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಮಷೀನಿಗೇ ಅಷ್ಟು ತಿಳಿವಳಿಕೆ ಇರುವಾಗ ಮನುಷ್ಯರಿಗೆ ಬೇಡವಾ?

ಸರ್ಕಾರಕ್ಕೆ ಮೊದಲೇ ಗೊತ್ತಿತ್ತು

ನಮ್ಮ ಕಡೆ ಪ್ರತಿ ಬೇಸಿಗೆಯಲ್ಲೂ ಒಂದು ಆದೇಶ ಬರುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ರಾಯಚೂರು, ಬಳ್ಳಾರಿ, ಕೊಪ್ಪಳ ಎಲ್ಲಕ್ಕೂ ಇದು ಹೊಂದುತ್ತದೆ. ತಹಸೀಲ್ದಾರ್ ಆಫೀಸಿಗೆ ಕೆಲಸವಿದ್ದವರು ಅದಕ್ಕೆ ತಕ್ಕಂತೆ ಬೇಗ ಹೋಗುತ್ತಾರೆ. ಯಾರೂ ಅದನ್ನು ಸೋಮಾರಿತನ ಎನ್ನುವುದಿಲ್ಲ. ಹೊಲಕ್ಕೆ ಹೋಗುವವರೂ ಅಷ್ಟೇ, ಬಿಸಿಲು ಏರುವ ಮುಂಚೆ ಹೋಗಿ ಬರುತ್ತಾರೆ.

ಆದರೆ ಮನೆಯಿಂದ ಕಂಪನಿ ಕೆಲಸ ಮಾಡುವವರು ಮಾತ್ರ ಎಸಿ ಆಫೀಸಿನ ಗಡಿಯಾರವನ್ನು ಹಾಗೇ ಎತ್ತಿಕೊಂಡು ಬಂದು ಈ ಊರಿನಲ್ಲಿ ಇಟ್ಟುಕೊಂಡಿದ್ದಾರೆ. 9ರಿಂದ 6. ಈ ಪ್ರಕರಣದಲ್ಲಿ ನನಗೆ ಮುಖ್ಯ ಎನಿಸಿದ್ದು ಇದು. ಅವಳಿಗೆ ಶಿಸ್ತು ಕಡಿಮೆ ಇರಲಿಲ್ಲ. ಈ ಊರಿನ ದಿನಕ್ಕೂ ಅವಳ ಆಫೀಸಿನ ದಿನಕ್ಕೂ ತಾಳೆ ಇರಲಿಲ್ಲ.

ಹಾಗಾಗಿ ಮೊದಲ ಬದಲಾವಣೆ ಟೈಮಿನದೇ. ಟೀಮ್ ಲೀಡ್‌ಗೆ ‘ಬಿಸಿಲು ಜಾಸ್ತಿ ಸರ್’ ಎಂದು ಹೇಳಿದರೆ ಕೆಲಸ ಆಗುವುದಿಲ್ಲ. ಹೈದರಾಬಾದಿನಲ್ಲೂ ಬಿಸಿಲಿದೆ. ಅವಳು ತನ್ನ ತಪ್ಪುಗಳ ಪಟ್ಟಿಯನ್ನೇ ಇಟ್ಟು ಕೇಳಿದಳು: ನೋಡಿ ಸರ್, ಬೆಳಿಗ್ಗೆಯ ಚಾರ್ಟ್‌ಗಳಲ್ಲಿ ನನ್ನ ಕ್ವಾಲಿಟಿ ಇಷ್ಟಿದೆ, ಮಧ್ಯಾಹ್ನದ್ದರಲ್ಲಿ ಇಷ್ಟು. ಚಾರ್ಟ್‌ಗೆ 24 ಗಂಟೆ ಟೈಮಿದೆ, ಅಮೆರಿಕದಿಂದ ರಾತ್ರಿಯೇ ಬಂದಿರುತ್ತವೆ. ಬೆಳಿಗ್ಗೆ 6ರಿಂದ 11.30, ಸಂಜೆ 4.30ರಿಂದ 8 ಮಾಡಲು ಬಿಡಿ. 10.30ರ ಟೀಮ್ ಕಾಲ್ ತಪ್ಪಿಸುವುದಿಲ್ಲ. ಎರಡು ವಾರ ನೋಡಿ, ಸರಿ ಬರದಿದ್ದರೆ ಹಳೆಯದಕ್ಕೇ ಹೋಗುತ್ತೇನೆ.

ಒಪ್ಪಿದರು. ನನಗೆ ಆಶ್ಚರ್ಯ ಏನಾಗಲಿಲ್ಲ. ಲೀಡ್‌ಗೆ ಬೇಕಿರುವುದು ಕ್ವಾಲಿಟಿ ನಂಬರ್. ಕಷ್ಟ ತೋಡಿಕೊಂಡರೆ ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎನ್ನುತ್ತಾರೆ, ಅಂಕಿ ಇಟ್ಟು ಎರಡು ವಾರ ಎಂದರೆ ಕೇಳುತ್ತಾರೆ. ಎಲ್ಲ ಕೆಲಸಕ್ಕೂ ಇದು ಆಗುವುದಿಲ್ಲ ಎನ್ನುವುದು ನಿಜ. ಕಾಲ್ ಸೆಂಟರಿನವರು, ಇಡೀ ದಿನ ಮೀಟಿಂಗ್ ಇರುವವರು ಹೀಗೆ ಮುರಿದು ಮಾಡಲಾರರು.

ರೂಮು, ಕರೆಂಟು, ಒಂದು ಸಣ್ಣ ಸ್ವಿಚ್ಚು

ಕೆಳಗೆ ಪಡಸಾಲೆ ಪಕ್ಕ ಒಂದು ಸಾಮಾನಿನ ಕೋಣೆ ಇತ್ತು. ಜೋಳದ ಚೀಲ, ಹಳೇ ಟ್ರಂಕು, ಉಪ್ಪಿನಕಾಯಿ ಭರಣಿ. ಹಳೇ ಕಾಲದ ದಪ್ಪ ಗೋಡೆ, ಕೆಳಗೆ ಫರಸಿ, ಮೇಲೆ ಇನ್ನೊಂದು ಅಂತಸ್ತು. ಅದನ್ನು ಖಾಲಿ ಮಾಡಿಸಿ ಅಲ್ಲಿಗೆ ಮೇಜು ಇಳಿಸಿದರು. ಮೇಲಿನ ಸ್ಲ್ಯಾಬಿಗೆ ಗಂಡ ಎರಡು ಕೋಟು ಸುಣ್ಣ ಹೊಡೆದರು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ರಾತ್ರಿ ಮಲಗಲು ಮೇಲಿನ ರೂಮೂ ಸ್ವಲ್ಪ ತಣ್ಣಗಾಯಿತು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೇ ‘ಕೂಲ್ ರೂಫ್’ ಎಂಬ ನೀತಿಯನ್ನೇ ತಂದಿದೆ. ನಮ್ಮ ಅಜ್ಜಂದಿರು ನೀತಿ ಇಲ್ಲದೆ ಹೊಡೆಯುತ್ತಿದ್ದರು.

ಕೋಣೆಗೆ ಒಂದು ಕೂಲರ್. ನಮ್ಮದು ಒಣ ಹವೆ, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಿಟಕಿ ಪೂರ್ತಿ ಮುಚ್ಚಿ ಕೂಲರ್ ಹಾಕುವವರು ಬಹಳ ಜನ. ಹಾಗೆ ಮಾಡಿದರೆ ಒಳಗೆ ಹಸಿ ಗಾಳಿ ತುಂಬಿ ಮೈ ಅಂಟಂಟಾಗುತ್ತದೆ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಬೇಕು.

ಇನ್ನು ಕರೆಂಟ್. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇದೇ ಜಿಲ್ಲೆಯಲ್ಲಿದೆ, ಸಾಮರ್ಥ್ಯ 1720 ಮೆಗಾವ್ಯಾಟ್. ಅಲ್ಲಿ ಹುಟ್ಟಿದ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ, ನಮ್ಮ ಓಣಿಗೆ ಅಂತ ಬೇರೆ ತಂತಿ ಇರುವುದಿಲ್ಲ. ಅದಿರಲಿ. ಅವಳ ಹಾಳೆಯಲ್ಲಿ ‘ಕರೆಂಟ್’ ಎಂದು ಬರೆದದ್ದೆಲ್ಲ ನೋಡಿದರೆ ಹೆಚ್ಚಿನವು ಕ್ಷಣ ಹೊತ್ತಿನವು. ಹೋಯಿತು, ಇನ್ವರ್ಟರ್ ಆನ್ ಆಯಿತು, ಬಂತು. ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತೂ ಆಗುವುದಿಲ್ಲ. ಆದರೆ ಆ ಕಣ್ಣುಮಿಟುಕಿನಲ್ಲಿ ವೈಫೈ ರೂಟರ್ ಆರಿ ಹೊತ್ತಿಕೊಳ್ಳುತ್ತದೆ. ಅದು ಏಳಲು ಎರಡು ಮೂರು ನಿಮಿಷ, ಆಮೇಲೆ ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್, ಒಟಿಪಿ, ಲಾಗಿನ್. ಚಾರ್ಟ್ ಮತ್ತೆ ಮೊದಲಿನಿಂದ. ಒಂದು ಸೆಕೆಂಡಿನ ಕರೆಂಟಿಗೆ ಹತ್ತು ನಿಮಿಷ ಹೋಯಿತು.

ಇದಕ್ಕೆ ಪರಿಹಾರ ಇನ್ವರ್ಟರಿನಲ್ಲೇ ಇತ್ತು. ಬಹಳಷ್ಟು ಇನ್ವರ್ಟರುಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಎಂದು. ನಾರ್ಮಲ್‌ನಲ್ಲಿ ಇದ್ದರೆ ಬದಲಾಗಲು ಹೊತ್ತು ಜಾಸ್ತಿ, ಯುಪಿಎಸ್‌ಗೆ ಹಾಕಿದರೆ ರೂಟರ್‌ಗೆ ಗೊತ್ತಾಗದಷ್ಟು ಬೇಗ ಬದಲಾಗುತ್ತದೆ. ಇವರದು ತಂದಾಗಿನಿಂದ ನಾರ್ಮಲ್‌ನಲ್ಲೇ ಇತ್ತು. ಯಾರೂ ಹಿಂದೆ ಬಗ್ಗಿ ನೋಡಿರಲಿಲ್ಲ. ಜೊತೆಗೆ ರೂಟರ್‌ಗೇ ಅಂತ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ತಂದರು.

ಉದ್ದ ಹೋದಾಗಿನ ಲೆಕ್ಕ ಬೇರೆ. 150 ಎಎಚ್ ಬ್ಯಾಟರಿ ಎಂದರೆ 12 ವೋಲ್ಟಿಗೆ 1800 ವ್ಯಾಟ್-ಅವರ್. ಅಷ್ಟೂ ಕೈಗೆ ಸಿಗುವುದಿಲ್ಲ, ಹೊಸ ಬ್ಯಾಟರಿಯಾದರೆ ಸಾವಿರದ ಮೇಲೆ ಚೂರು ಸಿಗುತ್ತದೆ, ಹಳತಾದರೆ ಅದರ ಅರ್ಧ. ಲ್ಯಾಪ್‌ಟಾಪಿಗೆ 60 ವ್ಯಾಟ್, ರೂಟರ್‌ಗೆ 10, ಹಳೇ ಫ್ಯಾನಿಗೆ 75. ಇಷ್ಟೇ ಆದರೆ ಆರಾಮ. ಆದರೆ ಇವರ ಇನ್ವರ್ಟರ್ ಮೇಲೆ ಮೂರು ಫ್ಯಾನು, ಟಿವಿ, ಮಧ್ಯಾಹ್ನ ಯಾರೋ ಸಿಕ್ಕಿಸಿದ ಕೂಲರೂ ಓಡುತ್ತಿತ್ತು. ಕೂಲರ್ ಒಂದೇ 200 ವ್ಯಾಟಿನ ಹತ್ತಿರ ಎಳೆಯುತ್ತದೆ. ಕೂಲರ್, ಟಿವಿ ಎರಡನ್ನೂ ಇನ್ವರ್ಟರ್ ಲೈನಿನಿಂದ ತೆಗೆಸಿ, ಅವಳ ಕೋಣೆಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರು. ಟಿವಿ ಹೋದದ್ದಕ್ಕೆ ಮಕ್ಕಳ ರಂಪ ಆಯಿತು, ಅತ್ತೆಯ ಧಾರಾವಾಹಿಯೂ ತಪ್ಪಿತು. ಎರಡನೆಯದೇ ದೊಡ್ಡ ಸಮಸ್ಯೆ.

ಆಸ್ಪತ್ರೆ ಕಾಗದ

ಅತ್ತೆಯವರ ಮಾತು ಕೇಳಿದ ಮೇಲೆ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕೆಲಸ ಎಂದರೆ ಅವರ ಕಣ್ಣಿಗೆ ಕಾಣಬೇಕು. ಮಗ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಹೋಗುವುದು ಕಾಣುತ್ತದೆ, ಬರುವುದು ಕಾಣುತ್ತದೆ, ಅಂಗಿಗೆ ಅಂಟಿದ ಹತ್ತಿ ಕಾಣುತ್ತದೆ. ಸೊಸೆ ಮಾತ್ರ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಕರೆದರೆ ‘ಒಂದ್ ನಿಮಿಷ ಅತ್ತಿ’ ಎನ್ನುತ್ತಾಳೆ, ನಿಮಿಷ ಆಗುವುದೇ ಇಲ್ಲ. ‘ನಾನೇನು ಅಕಿಗಿ ಕೆಲಸ ಮಾಡಬ್ಯಾಡ ಅಂದೀನೇನ್ರಿ? ಬಾಗಿಲು ಯಾಕ ಹಾಕ್ಕೋಬೇಕು, ನಾವೇನು ಹೊರಗಿನವರಾ?’ ಎಂದು ನನ್ನನ್ನೇ ಕೇಳಿದರು. ಸರಿಯಾದ ಪ್ರಶ್ನೆಯೇ ಅಲ್ವಾ?

ಬಾಗಿಲಿಗೆ ‘ಡಿಸ್ಟರ್ಬ್ ಮಾಡಬೇಡಿ’ ಬೋರ್ಡ್ ಹಾಕಿ ಎಂಬ ಸಲಹೆಯನ್ನು ಎಲ್ಲ ಕಡೆ ಓದುತ್ತೀರಿ. ನಮ್ಮ ಮನೆಗಳಲ್ಲಿ ಅಂಥ ಬೋರ್ಡ್ ಹಾಕಿದರೆ ಅದನ್ನು ತೆಗೆಸಲು ಪಂಚಾಯ್ತಿ ಸೇರಿಸಬೇಕಾಗುತ್ತದೆ. ಇಲ್ಲಿ ದಾರಿ ತೋರಿಸಿದ್ದು ಒಂದು ಅಮೆರಿಕದ ಕಾನೂನು. ಅಲ್ಲಿ 1996ರಲ್ಲಿ ಬಂದ ಹಿಪಾ ಕಾಯ್ದೆಯಂತೆ ರೋಗಿಯ ವಿವರ ಗುಟ್ಟಾಗಿ ಉಳಿಯಬೇಕು. ಅದಕ್ಕೇ ಕಂಪನಿಗಳು ಮನೆಯಿಂದ ಕೆಲಸ ಮಾಡುವವರಿಂದ ಬರೆಸಿಕೊಳ್ಳುತ್ತವೆ: ಸ್ಕ್ರೀನ್ ಬೇರೆಯವರಿಗೆ ಕಾಣಬಾರದು, ಮನೆಯವರಿಗೂ. ಅವಳು ಸಹಿ ಹಾಕಿದ್ದಳು, ಮನೆಯಲ್ಲಿ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡುತ್ತಾ ಹೇಳಿದಳು. ಅತ್ತಿ, ಇವು ಆಸ್ಪತ್ರೆ ಕಾಗದ. ಯಾರಿಗೆ ಏನು ಕಾಯಿಲೆ, ಯಾವ ಆಪರೇಷನ್ ಎಲ್ಲ ಇರುತ್ತದೆ. ಇನ್ನೊಬ್ಬರ ಕಣ್ಣಿಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ. ನಿಮ್ಮ ರಿಪೋರ್ಟು ಓಣಿಯವರು ನೋಡಿದರೆ ನಿಮಗೆ ಹೆಂಗ ಆಗ್ತದ?

ಅಷ್ಟು ಸಾಕಾಯಿತು. ಬಾಗಿಲು ಹಾಕಿದ್ದು ತಮ್ಮನ್ನು ದೂರ ಇಡಲು ಅಲ್ಲ ಎಂದು ಗೊತ್ತಾದ ಮೇಲೆ ಆ ಬಾಗಿಲಿಗೆ ಅವರೇ ಕಾವಲಾದರು. ಪಕ್ಕದ ಮನೆಯವರು ಕೂಗಿದರೆ, ‘ಒಳಗ ಆಸ್ಪತ್ರಿ ಕಾಗದ ಅದಾವು, ಹೋಗಬ್ಯಾಡ್ರಿ, ನನಗ ಹೇಳ್ರಿ’ ಎನ್ನತೊಡಗಿದರು. ಕೊರಿಯರ್, ಸಿಲಿಂಡರ್ ಎಲ್ಲ ಅವರ ಖಾತೆಗೆ ಹೋಯಿತು. ಓಣಿಯಲ್ಲಿ ಅದರಿಂದ ಅವರ ತೂಕವೂ ಜಾಸ್ತಿಯಾಯಿತು ಎಂಬುದು ನನ್ನ ಗುಮಾನಿ. ಬದಲಿಗೆ ಸೊಸೆ ಎರಡು ಮಾತು ಕೊಟ್ಟಳು. ಬಿಪಿ ಗುಳಿಗೆ ವಾರದ ಡಬ್ಬಿಯಲ್ಲಿ ತುಂಬಿಡುವುದು ಒಂದು. 8ಕ್ಕೆ ಲಾಗ್ ಔಟ್ ಆದಮೇಲೆ ಲ್ಯಾಪ್‌ಟಾಪ್ ಮುಚ್ಚಿ ಅದೇ ಕೋಣೆಯಲ್ಲಿ ಬಿಟ್ಟು ಬರುವುದು ಇನ್ನೊಂದು. ಎರಡನೆಯದನ್ನು ಕೇಳಿದ್ದು ಅತ್ತೆಯೇ. ರಾತ್ರಿ ಕೆಲಸ ನಿಂತಿದ್ದರಲ್ಲಿ ನನ್ನ ಪಾಲಿಗಿಂತ ಅವರ ಪಾಲೇ ದೊಡ್ಡದು.

ಒಂದು ಚಾರ್ಟ್ ಮುಗಿಯದೆ ಏಳುವುದಿಲ್ಲ, ಮುಗಿದ ಮೇಲೆ ಎದ್ದು ನಿಂತು ಕಿಟಕಿಯಿಂದ ಬೇವಿನ ಮರ ನೋಡದೆ ಮುಂದಿನದು ತೆರೆಯುವುದಿಲ್ಲ ಎಂದೂ ಮಾಡಿಕೊಂಡಳು. ಕಣ್ಣಿನ ಡಾಕ್ಟರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುತ್ತಾರಲ್ಲ, ಅದು ಚಾರ್ಟ್‌ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಹೊಂದಿಕೊಂಡಿತು. ಅಲಾರಂ ಬೇಕಾಗಲಿಲ್ಲ.

ಐದು ಗಂಟೆ ಎಲ್ಲಿ ಹೋಯಿತು?

ಎರಡು ವಾರಕ್ಕೆ ಕ್ವಾಲಿಟಿ 95ರ ಮೇಲೆ ಬಂತು. ಲೀಡ್ ಖುಷಿ. ಇಲ್ಲಿಗೇ ನಿಲ್ಲಿಸಿದ್ದರೆ ಚೆಂದದ ಕಥೆ. ಆದರೆ ಅವಳು ಮೊದಲಿಗಿಂತ ಸುಸ್ತಾಗಿದ್ದಳು.

11.30ರಿಂದ 4.30ರವರೆಗೆ ಐದು ಗಂಟೆ ಬಿಡುವು ಎಂದು ಕಾಗದದ ಮೇಲಿತ್ತು. ಆ ಐದು ಗಂಟೆ ಮನೆ ಕೆಲಸ ನುಂಗಿತ್ತು. ‘ಈಗ ಫ್ರೀ ಅಲ್ವಾ’ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ರಜೆ. 11.30ಕ್ಕೆ ಲ್ಯಾಪ್‌ಟಾಪ್ ಮುಚ್ಚಿ ನೇರ ಒಲೆ ಮುಂದೆ, ಬೆಂಕಿಯಂಥ ಹೊತ್ತಿನಲ್ಲಿ ಜೋಳದ ರೊಟ್ಟಿ ಬಡಿಯುವುದು. ಊಟ, ಪಾತ್ರೆ, ಬಟ್ಟೆ. ಬೆನ್ನು ಚಾಚುವಷ್ಟರಲ್ಲಿ 4. ಬೆಳಿಗ್ಗೆ 5ಕ್ಕೆ ಎದ್ದವಳಿಗೆ ದಿನ 15 ಗಂಟೆಯದಾಯಿತು.

ಹೆಣ್ಣುಮಕ್ಕಳಿಗೆ ಕೆಲಸದ ಹೊತ್ತನ್ನು ಎರಡಾಗಿ ಮುರಿದು ಕೊಡುವವರು ಈ ಅಪಾಯವನ್ನು ಮೊದಲು ನೋಡಬೇಕು. ನಡುವೆ ಸಿಕ್ಕ ಹೊತ್ತು ಖಾಲಿ ಉಳಿಯುವುದಿಲ್ಲ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೆಯಲ್ಲಿ, ಮನೆಯ ಸಂಬಳವಿಲ್ಲದ ಕೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಸರಾಸರಿ ಹೊತ್ತು 289 ನಿಮಿಷ, ಗಂಡಸರದು 88. 289 ನಿಮಿಷ ಎಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಅವಳ ಬಿಡುವಿನ ಹೊತ್ತಿಗೆ ಸರಿಯಾಗಿ ಹೊಂದುತ್ತದೆ.

ಮೊದಲು ರೊಟ್ಟಿಯ ಮಾತು ಎತ್ತಿದೆ. ರಾಯಚೂರಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ. ಕಟ್ಟು ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ‘ಕೊಂಡ ರೊಟ್ಟಿ ತಿನ್ನೋ ಮನಿ ಅಲ್ಲ ನಮ್ಮದು’ ಎಂದರು ಅತ್ತೆ. ಇದಕ್ಕೆ ಯಾವ ಕಾಯ್ದೆಯೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಆದ ರಾಜಿ: ಬಿಸಿ ರೊಟ್ಟಿ ರಾತ್ರಿ ಮಾತ್ರ, ಅದೂ ಬೇಸಿಗೆ ಮುಗಿಯುವವರೆಗೆ ಒಂದು ದಿನ ಬಿಟ್ಟು ಒಂದು ದಿನ. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಬೆಳಿಗ್ಗೆಯೇ ಮಾಡಿಟ್ಟ ಪಲ್ಯ. ಮಕ್ಕಳು ಖಡಕ್ ರೊಟ್ಟಿಯನ್ನು ಮುರಿಯುವ ಸದ್ದಿಗೇ ಇಷ್ಟಪಟ್ಟರು, ಅದರಿಂದ ಅರ್ಧ ಜಗಳ ತಪ್ಪಿತು.

ಎರಡನೆಯದು ಗಂಡ. ಇಲ್ಲಿ ಋತು ಅವಳ ಪರವಾಗಿತ್ತು. ಹತ್ತಿ ಮಿಲ್ಲಿನ ಸೀಸನ್ ನವೆಂಬರಿನಿಂದ ಫೆಬ್ರವರಿ, ಆಮೇಲೆ ಸಡಿಲ. ಬೇಸಿಗೆಯಲ್ಲಿ ಅವರು ಸಂಜೆ 4ಕ್ಕೆಲ್ಲ ಮನೆಯಲ್ಲಿ ಇರುತ್ತಾರೆ. ಅಲ್ಲಿಯವರೆಗೂ ಆ ಹೊತ್ತು ಫೋನಿಗೆ, ಗೆಳೆಯರಿಗೆ ಹೋಗುತ್ತಿತ್ತು. ಸಂಜೆ 4.30ರಿಂದ 8ರವರೆಗೆ ಮಕ್ಕಳು, ನೀರು ಬಂದರೆ ಮೋಟರ್, ಒಣಗಿದ ಬಟ್ಟೆ ಮಡಿಸುವುದು ಅವರದ್ದು ಎಂದಾಯಿತು. ‘ಸಹಾಯ ಮಾಡ್ತೀನಿ’ ಎಂದು ಅವರು ಹೇಳಿದಾಗ ನಾನು ತಡೆದೆ. ಸಹಾಯ ಎಂದರೆ ಕೇಳಿದಾಗ ಮಾಡುವುದು, ಕೇಳಲು ಅವಳು ಮತ್ತೆ ಬಾಗಿಲು ತೆರೆದು ಬರಬೇಕು. ಆ ಮೂರುವರೆ ಗಂಟೆ ಅವಳು ಊರಲ್ಲೇ ಇಲ್ಲ ಎಂದುಕೊಳ್ಳಿ ಎಂದೆ. ಮೊದಲ ಕೆಲವು ದಿನ ‘ಸಣ್ಣವನ ಚಡ್ಡಿ ಎಲ್ಲಿದಾವ?’ ಎಂಬ ಪ್ರಶ್ನೆ ಬಾಗಿಲಾಚೆಯಿಂದ ಬರುತ್ತಿತ್ತು. ಅತ್ತೆ, ‘ಆಸ್ಪತ್ರಿ ಕಾಗದ!’ ಎಂದು ಗದರಿದ ಮೇಲೆ ನಿಂತಿತು.

ಹೀಗೆ ಮಧ್ಯಾಹ್ನ ಅವಳಿಗೆ ಒಂದೂವರೆ ಗಂಟೆ ನಿದ್ದೆ ಸಿಕ್ಕಿತು. ಐದು ಗಂಟೆಯಲ್ಲಿ ಒಂದೂವರೆ. ಹೆಚ್ಚಲ್ಲ, ಆದರೆ ತಲೆನೋವು ಅದರಿಂದಲೇ ಕಡಿಮೆಯಾಯಿತು ಎನ್ನುತ್ತಾಳೆ.

ಉಳಿದದ್ದು

ಮನೆಯಿಂದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಪದೇ ಪದೇ ಬರುವ ಒಂದು ಅಧ್ಯಯನವಿದೆ. ಸ್ಟ್ಯಾನ್‌ಫರ್ಡಿನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಒಂಬತ್ತು ತಿಂಗಳು ಪ್ರಯೋಗ ಮಾಡಿ 2015ರಲ್ಲಿ ಪ್ರಕಟಿಸಿದ್ದು. ಮನೆಯಿಂದ ದುಡಿದವರ ಕೆಲಸ 13 ಪರ್ಸೆಂಟ್ ಜಾಸ್ತಿಯಾಯಿತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದ ಎರಡು ಸಂಗತಿಗಳನ್ನು ಹೇಳುವವರು ಕಡಿಮೆ. ಆ ಪ್ರಯೋಗಕ್ಕೆ ಸೇರಲು ಮನೆಯಲ್ಲಿ ಕೆಲಸಕ್ಕೆ ಬೇರೆ ಕೋಣೆ ಇರಲೇಬೇಕಿತ್ತು. ಮತ್ತೆ, ಪ್ರಯೋಗ ಮುಗಿದು ಯಾರಿಗೆ ಏನು ಬೇಕೋ ಆರಿಸಿಕೊಳ್ಳಿ ಎಂದಾಗ ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ವಾಪಸ್ ಹೋದರು. ಒಂಟಿತನ ಅದಕ್ಕೆ ಒಂದು ದೊಡ್ಡ ಕಾರಣ.

ಕೋಣೆಯ ವಿಷಯ ಈ ಮನೆಯಲ್ಲಿ ಬಗೆಹರಿಯಿತು. ಒಂಟಿತನ ಬಗೆಹರಿದಿಲ್ಲ. ಮನೆ ತುಂಬ ಜನ ಇರುವಾಗ ಒಂಟಿತನ ಎಲ್ಲಿಂದ ಎಂದು ಕೇಳುವವರಿಗೆ ಅದು ತಿಳಿಯುವುದು ಕಷ್ಟ. ಇ11.22 ಬಗ್ಗೆ ತಮಾಷೆ ಮಾಡಿ ನಗುವವರು ಬೇಕು, ಲೀಡ್‌ನ ಬೈದುಕೊಳ್ಳಲು ಜೊತೆಗೆ ಒಬ್ಬರು ಬೇಕು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮಾವಿನಕೆರೆ ಕಡೆ ನಡೆಯಲು ಹೋಗುತ್ತೇವೆ, ವಾಪಸ್ ಬರುವಾಗ ಒಗ್ಗರಣೆ-ಮಿರ್ಚಿ. ಊರಿನಲ್ಲಿ ಇದೇ ಕೆಲಸ ಮಾಡುವ ಇನ್ನೂ ನಾಲ್ಕೈದು ಹೆಣ್ಣುಮಕ್ಕಳನ್ನು ಜೊತೆ ಸೇರಿಸುವ ಆಸೆ ಇದೆ, ಒಬ್ಬೊಬ್ಬರ ಶಿಫ್ಟು ಒಂದೊಂದು ಥರ. ಇಲ್ಲಿಯವರೆಗೆ ಕೂಡಿ ಬಂದಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅವಳು ಟೈಮ್ ಮತ್ತೆ ಬದಲಿಸಿದಳು. ಈಗ ಒಂದೇ ಉಸಿರಿಗೆ ಬೆಳಿಗ್ಗೆ 7ರಿಂದ 4. ಮಕ್ಕಳು ಬರುವಷ್ಟರಲ್ಲಿ ಲಾಗ್ ಔಟ್. ಲೀಡ್ ಈ ಸಲ ಕಾರಣವನ್ನೇ ಕೇಳಲಿಲ್ಲ. ಬೆಳಿಗ್ಗೆ ಮಕ್ಕಳನ್ನು ತಯಾರು ಮಾಡಿ ಶಾಲೆಗೆ ಬಿಡುವುದು ಗಂಡನ ಕೆಲಸ. ನವೆಂಬರಿನಲ್ಲಿ ಹತ್ತಿ ಬರತೊಡಗಿದರೆ ಅವರು ಬೆಳಿಗ್ಗೆ 7ಕ್ಕೆ ಹೋಗಿ ರಾತ್ರಿ 10ಕ್ಕೆ ಬರುತ್ತಾರೆ. ಅವರ ಪಾಲಿನದೆಲ್ಲ ಮತ್ತೆ ಇವಳ ತಲೆಗೇ ಬರುತ್ತದೆ. ಇದನ್ನು ಈಗಲೇ ಮಾತಾಡಿಕೊಳ್ಳಿ ಎಂದು ನಾನು ದುಂಬಾಲು ಬಿದ್ದಿದ್ದೇನೆ. ಮಕ್ಕಳಿಗೆ ಶಾಲೆಯ ಆಟೋ ಹೇಳುವುದು ಖಾತ್ರಿಯಾಗಿದೆ. ಪಾತ್ರೆ, ಬಟ್ಟೆಗೆ ನಾಲ್ಕು ತಿಂಗಳ ಮಟ್ಟಿಗೆ ಒಬ್ಬರನ್ನು ಇಟ್ಟುಕೊಳ್ಳುವುದು, ಅದರ ಸಂಬಳ ಅವಳ ಇನ್ಸೆಂಟಿವ್‌ನಿಂದ ಬೇಡ, ಇಬ್ಬರ ಸಂಬಳದಿಂದ ಅರ್ಧರ್ಧ ಎನ್ನುವವರೆಗೆ ಗಂಡ ಹೆಂಡತಿ ಮಾತು ಬಂದಿದೆ. ಅತ್ತೆ ಇನ್ನೂ ಒಪ್ಪಿಲ್ಲ. ದೀಪಾವಳಿ ಆಗಲಿ, ಆಮೇಲೆ ನೋಡೋಣ ಎಂದಿದ್ದಾರೆ.